ಬೀಗ-ಕೀಲಿಕೈಗಳ ಉಪಮೆ

ಜರ್ಮನಿಯ ಎಮಿಲ್ ಫಿಷರ್ ಪಂಡಿತನು 1894ರಲ್ಲಿ ಕಿಣ್ವಗಳ ವಿಷಯವಾಗಿ ಹೇಳಿದ ಬೀಗ-ಕೀಲಿಕೈಗಳ ಉಪಮೆಯನ್ನು ಹಾರ್ಮೋನು ಗ್ರಾಹಕಗಳಿಗೂ ಅನ್ವಯಿಸುವುದು ರೂಢಿಯಾಗಿದೆ. ಸ್ತನದ ಕ್ಯಾನ್ಸರಿನಲ್ಲಿ ಈಸ್ಟ್ರೊಜನ್ ಕೂಡಬೇಕಾದ ಗ್ರಾಹಕವನ್ನು ಟಮಾಕ್ಸಿಫೆನ್ ಔಷಧವು ಮೊದಲೇ ಆಕ್ರಮಿಸಿ ಕೋಶವೃದ್ಧಿಯನ್ನು ತಡೆಯುವುದಷ್ಟೆ. ಅಲ್ಲಿಯವರೆಗೆ ಉಪಮೆ ಸಾಧುವೇ. ಆದರೆ ಗರ್ಭಾಶಯದಲ್ಲಿ ಅದೇ ಔಷಧವು ಅದೇ ಗ್ರಾಹಕವನ್ನು ಕೂಡಿ ಒಳಪೊರೆಯನ್ನು ಬೆಳೆಯಿಸುವುದೂ ಉಂಟು. ಒಂದೇ ಕೀಲಿಕೈ ಒಂದೆಡೆ ಬೀಗವನ್ನು ಜಡಗೊಳಿಸಿ ಮತ್ತೊಂದೆಡೆ ತೆರೆಯುವುದೆಂತು? ಗ್ರಾಹಕವು ಲೋಹದಂತೆ ನಿಶ್ಚಲವಲ್ಲ. ಕೂಡಿದ ವಸ್ತುವಿಗನುಗುಣವಾಗಿ ಆಕೃತಿಯನ್ನು ಬದಲಿಸಿ, ಆಯಾ ಅಂಗದಲ್ಲಿ ದೊರೆಯುವ ಸಹಕಾರಿ ಪ್ರೋಟೀನುಗಳೊಡನೆ ಸೇರಿ ಜೀನುಗಳನ್ನು ಪ್ರಚೋದಿಸುವುದು ಅಥವಾ ತಡೆಯುವುದು. ಸಂದರ್ಭಭೇದದಿಂದ ಅರ್ಥಭೇದವನ್ನು ಪಡೆಯುವ ಶಬ್ದವೇ ಇದಕ್ಕೆ ಹತ್ತಿರದ ಉಪಮಾನ. ಈ ಔಷಧವನ್ನು ಸೇವಿಸುವವಳಿಗೆ ಗರ್ಭಾಶಯದ ರಕ್ತಸ್ರಾವವನ್ನು ಅಲಕ್ಷಿಸಬಾರದೆಂದು ವೈದ್ಯರು ಎಚ್ಚರಿಸುವ ಕಾರಣವನ್ನು ಹಳೆಯ ಉಪಮೆಯು ತಿಳಿಸಲಾರದು.