ಹಳೆಯ ತಂಬೂರಿಯ ಪರೀಕ್ಷೆ

ಹಾರ್ಮೋನಿಯಮ್ಮಿನ ರೀಡುಗಳ ವಿಚಾರವಾಗಿ ಈ ಅಂಕಣದಲ್ಲಿ ನಡೆದಿರುವ ವಾಗ್ವಾದವನ್ನು ಈ ವಾರ ಮುಗಿಸುವೆನೆಂದು ಮಾತು ಕೊಟ್ಟಿದ್ದೆನಾದರೂ, ಅದು ಇನ್ನೊಂದು ವಾರ ಕಾದರೆ ಯಾರಿಗೂ ನಷ್ಟವಿಲ್ಲ. ಚಿಮ್ಮನಚೋಡದಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತರುಣ ವಾಚಕನೊಬ್ಬನು, ತನ್ನ ಗೆಳೆಯರ ವಾದ್ಯವೃಂದಕ್ಕಾಗಿ ಎಲೆಕ್ಟ್ರಿಕ್ ಬೇಸ್ ಗಿಟಾರೊಂದನ್ನು ಕೊಳ್ಳಹೊರಟವನು, ಸಾಧಾರಣವಾದ ಹೊಸದರ ಬದಲು ಮತ್ತೊಬ್ಬರ ಕೈಯಲ್ಲಿ ಪಳಗಿದ ಉತ್ತಮ ದರ್ಜೆಯ ಹಳೆಯದನ್ನು ತೆಗೆದುಕೊಂಡರೆ ಹೇಗೆಂದು ಬರೆದು ಕೇಳಿದ್ದಾನೆ. ‘ಕಾಕಾ, ಹಳೇ ಸಾಮಾನು ತಗೋಳಾಗ ಏನೇನು ನೋಡಬೇಕ್ರಿ?’ ಎಂಬ ಅವನ ಪ್ರಶ್ನೆ ಸರಳವಾದುದು. ಆದರೆ ಸರಳವಾದ ಪ್ರಶ್ನೆಗೆ ಸರಳವಾಗಿ ಉತ್ತರ ಹೇಳುವ ಅಭ್ಯಾಸ ಈ ಅಂಕಣಕ್ಕಿಲ್ಲವೆಂಬುದನ್ನು ನಿತ್ಯದ ವಾಚಕರು ಬಲ್ಲರು.

ಬೇಸ್ ಗಿಟಾರಿನ ವಿಷಯದಲ್ಲಿ ನಾನು ಹೇಳಬಲ್ಲುದು ಅಲ್ಪ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು ಬೇಸತ್ತಿದ್ದ ವಾದಕರಿಗೆ, 34 ಅಂಗುಲ ತಂತಿಯ, ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಪ್ರಿಸಿಷನ್ ಬೇಸನ್ನು ಅಮೆರಿಕದ ಲಿಯೊ ಫೆಂಡರನು 1951ರಲ್ಲಿ ತಂದುಕೊಟ್ಟನು. 1965ರಲ್ಲಿ ಅವನ ಕಾರ್ಖಾನೆ ಸಿಬಿಎಸ್ ಕಂಪನಿಯ ಪಾಲಾಯಿತು. ಅದಕ್ಕೆ ಮುಂಚಿನ ವಾದ್ಯಗಳೆಂದರೆ ಸಂಗ್ರಾಹಕರು ಕೇಳಿದಷ್ಟು ಕೊಡುವರು, ಮೂಲದ ಬಣ್ಣವನ್ನು ಕೆರೆದು ಹೊಸ ಬಣ್ಣ ಬಳಿದಿದ್ದರೆ ಮಾತ್ರ ಮೋರೆ ತಿರುಗಿಸುವರು. ಇದು ಸಂಗ್ರಾಹಕರ ಲೆಕ್ಕ. ನುಡಿಸುವವನು ಮೊದಲು ನೋಡತಕ್ಕದ್ದು ವಾದ್ಯದ ಕುತ್ತಿಗೆಯನ್ನು. ಅದರೊಳಗೆ ಉಕ್ಕಿನ ಸರಳೊಂದುಂಟು. ತಂತಿಗಳ ಎಳೆತಕ್ಕೆ ಮರ ಬಾಗಿದರೆ ಸರಳಿನ ತಿರುಪನ್ನು ಕೊಂಚ ಬಿಗಿದು ನೇರಗೊಳಿಸಬಹುದು. ಆ ತಿರುಪು ಇನ್ನೂ ತಿರುಗುತ್ತದೆಯೋ, ಅಥವಾ ಹಿಂದಿನ ಯಜಮಾನನು ಕೊನೆಯ ಸುತ್ತಿನವರೆಗೆ ಬಿಗಿದು ಮುಂದಿನವನಿಗೆ ಅವಕಾಶವನ್ನೇ ಉಳಿಸಿಲ್ಲವೋ ಎಂಬುದನ್ನು ಪರೀಕ್ಷಿಸದೆ ಹಣ ಎಣಿಸಬಾರದು. ಬೇಸ್ ಗಿಟಾರಿಗೆ ಇಷ್ಟು ಸಾಕು.

ಏಕೆಂದರೆ ಸರಳಿಲ್ಲದ ವಾದ್ಯವೊಂದು ಅದೇ ಹುಡುಗನ ಊರಿನಲ್ಲಿ ಮಾರಾಟಕ್ಕಿದೆ, ಮತ್ತು ನನ್ನ ಮನಸ್ಸೆಲ್ಲ ಅಲ್ಲಿದೆ.

ತೊಗರಿಯ ರಾಶಿ ಮುಗಿದ ದಿನಗಳಲ್ಲಿ, ಕಲಬುರಗಿಯ ಸಂಗೀತ ಶಿಕ್ಷಕರೊಬ್ಬರನ್ನು ಜೊತೆ ಮಾಡಿಕೊಂಡು ಚಿಮ್ಮನಚೋಡಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಗೆ, ಮೊಳೆಯೊಂದರಿಂದ ತೂಗುಬಿದ್ದು, ಹಳೆಯ ಧೋತರದ ಗವಸು ತೊಟ್ಟು ನಿಂತಿತ್ತು ಆ ಗಂಡು ತಂಬೂರಿ. ‘ನಮ್ಮ ಮುತ್ಯಾನ ಕಾಲದ್ದು ಅದರಿ, ಮೀರಜದಿಂದ ತಂದದ್ದು. ಈಗ ದನಿ ಸತ್ತು ಹೋಗ್ಯಾದ. ಎಷ್ಟು ಬಂದರ ಅಷ್ಟಕ್ಕ ಕೊಡ್ತೀವ್ರಿ’ ಎಂದರು ಮನೆಯ ಯಜಮಾನರು. ಶಿಕ್ಷಕರು ತಂತಿ ಮೀಟಿದರು. ಮೊಂಡು ಸದ್ದೊಂದು ಎದ್ದು ಅಲ್ಲೇ ಬಿದ್ದಿತು. ಮೀಟಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಅವರು ಚಹಾದ ಕಡೆಗೆ ತಿರುಗಿದರು. ಇದೇ ಮಹನೀಯರು ಎರಡು ವರ್ಷದ ಕೆಳಗೆ, ಅರಗು ಮೆರುಗುಗಳಿಂದ ಕಣ್ಣು ಕೋರೈಸುತ್ತಿದ್ದ, ಬುರುಡೆಯ ಸುತ್ತ ಸೆಲ್ಯುಲಾಯ್ಡ್ ಬಳ್ಳಿ ಹಬ್ಬಿದ್ದ ‘ನೂರು ವರ್ಷದ’ ತಂಬೂರಿಯೊಂದನ್ನು ಪರಸ್ಥಳದಿಂದ ದುಬಾರಿ ಬೆಲೆಗೆ ತಂದವರು. ಅದರ ದಂಡಿ ಮೊದಲ ಬೇಸಿಗೆಯಲ್ಲೇ ಬಿಲ್ಲಿನಂತಾಯಿತು.

ಹಳೆಯ ತಂಬೂರಿ ಕೊಳ್ಳುವವರು ನೂರಕ್ಕೆ ತೊಂಬತ್ತು ಮಂದಿ ಮಾಡುವುದು ಹೀಗೆಯೇ. ದನಿ ಸತ್ತಿದೆಯೆಂದು ಜೀವವಿರುವುದನ್ನು ಬಿಡುತ್ತಾರೆ. ಮೈ ಹೊಳೆಯುತ್ತದೆಯೆಂದು ಜೀವವಿಲ್ಲದ್ದನ್ನು ಹೊತ್ತು ತರುತ್ತಾರೆ. ದನಿ ಸಾಯುವುದು ತಂತಿಗಳು ಒರಗುವ ಕುದುರೆಯ ಬೆನ್ನಿನ ಮೇಲೆ: ವರ್ಷಾನುಗಟ್ಟಲೆ ಮೀಟಿದ ತಂತಿ ಅಲ್ಲಿ ಗೆರೆ ಕೊರೆದು ಕೂತಾಗ ಜವಾರಿ, ಅಂದರೆ ತಂತಿಯ ಝೇಂಕಾರ, ಮುಚ್ಚಿಹೋಗುವುದು. ಬಲ್ಲ ಕೈಯೊಂದು ಅರ ಹಿಡಿದು ಕುದುರೆಯ ಮೈಯನ್ನು ಮತ್ತೆ ಹದವಾಗಿ ಉಜ್ಜಿದರೆ, ಕುದುರೆ ತೀರ ಸವೆದಿದ್ದರೆ ಬೇರೊಂದನ್ನು ಕೂರಿಸಿದರೆ, ಹೋದ ಜವಾರಿ ಹಿಂದಿರುಗುವುದು. ದಂಡಿಯ ಮಾತು ಹಾಗಲ್ಲ. ಅದು ಟೊಳ್ಳಾದ ಮರ, ಸಾಮಾನ್ಯವಾಗಿ ತುನ್ ಮರ. ಒಳಗೆ ಬಿಗಿಯಲು ಸರಳಿಲ್ಲ, ತಿರುಪಿಲ್ಲ. ಒಮ್ಮೆ ಬಾಗಿತೆಂದರೆ ಬಿಚ್ಚಿ ಬೇರೆ ದಂಡಿ ಹೂಡಬೇಕು; ಆಗ ಅದು ಮುತ್ಯಾನ ತಂಬೂರಿಯಾಗಿ ಉಳಿಯುವುದೆ?

ಆದಕಾರಣ ನಾನು ಮೀಟುವುದಕ್ಕೆ ಮುನ್ನ ನೋಡಿದೆ. ಅಂಗಳದ ಬಿಸಿಲಿಗೆ ತಂದು, ಬಿರಡೆಗಳ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯುದ್ದಕ್ಕೂ ದೃಷ್ಟಿ ಹಾಯಿಸಿ, ಬಿಗಿದ ತಂತಿಯ ನೇರಕ್ಕೆ ಮರದ ನೇರವನ್ನು ಹೋಲಿಸಿದೆ, ಬಾಗಿಲ್ಲ, ತಿರುಚಿಲ್ಲ. ದಂಡಿ ಮತ್ತು ಬುರುಡೆ ಕೂಡುವ ಕೊರಳಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಹಿಂದಕ್ಕೆ ಬರಬೇಕು. ಅಲ್ಲಿ ಬಿರುಕಿರಲಿಲ್ಲ, ಧೂಳಿತ್ತು. ಕುದುರೆ ಕೂತ ತಬಲಿ ಹಲಗೆಯ ಮೇಲೆ ಶಾಲೆಯ ಹುಡುಗಿಯೊಬ್ಬಳಿಂದ ಎರವಲು ಪಡೆದ ಅಡಿಪಟ್ಟಿಯನ್ನು ಅಡ್ಡಲಾಗಿ ಇಟ್ಟೆ. ಹಲಗೆ ತಗ್ಗಿರದೆ, ಇರಬೇಕಾದಂತೆ ನಡುವೆ ತುಸು ಉಬ್ಬಿತ್ತು. ಬುರುಡೆಯ ಬೆನ್ನಿಗೆ ಉಗುರಿನಿಂದ ತಟ್ಟುತ್ತ ಬಂದರೆ ಒಂದು ಕಡೆ ಸದ್ದು ಒಡೆದು ಕೇಳಿತು: ಯಾವಾಗಲೋ ಸೀಳಿದ್ದನ್ನು ಮರದ ಪುಡಿ ಮತ್ತು ಅಂಟಿನಿಂದ ಮುಚ್ಚಿದ್ದರು. ಸೀಳು ಹಳೆಯದು, ಮುಚ್ಚಿಗೆ ಗಟ್ಟಿಯಾದುದು. ಬೆಲೆ ಇಳಿಸುವುದಕ್ಕೆ ಕಾರಣವಾದೀತೇ ಹೊರತು ಬಿಡುವುದಕ್ಕಲ್ಲ. ಬಿರಡೆಗಳು ಜಾರುತ್ತಿದ್ದವು, ಅದಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕು.

ಮೀರಜದ ಹೆಸರೆತ್ತಿದ ಮೇಲೆ ಅದನ್ನು ಹಾಗೆಯೇ ದಾಟಿ ಹೋಗುವುದು ಅಪಚಾರವಾದೀತು. ಪಟವರ್ಧನರ ಆ ಸಂಸ್ಥಾನದಲ್ಲಿ ಕತ್ತಿ ಗುರಾಣಿಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಬ್ರಿಟಿಷರ ಆಳ್ವಿಕೆಯಲ್ಲಿ ಆಯುಧಗಳ ಕೆಲಸ ಕುಗ್ಗಿದ ಮೇಲೆ ವಾದ್ಯಗಳ ದುರಸ್ತಿಗೆ ಇಳಿದರು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಫರೀದ್ ಸಾಹೇಬರಿಂದ ಮೊದಲಾದ ಆ ಕಸಬನ್ನು ಇಂದಿಗೂ ಅವರ ಸಂತತಿಯವರು ನಡೆಸುತ್ತಿದ್ದಾರೆ, ಮತ್ತು 2024ರಲ್ಲಿ ಮೀರಜದ ಸಿತಾರ ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ 1937ರಲ್ಲಿ ಮಣ್ಣಾದುದೂ ಅದೇ ಊರಿನಲ್ಲಿ. ಬುರುಡೆಗಳು ಮಾತ್ರ ಮೀರಜದವಲ್ಲ. ಪಂಢರಪುರದ ಸುತ್ತಿನ ಭೀಮಾತೀರದ ಹೊಲಗಳಲ್ಲಿ ಬೆಳೆದು ಒಣಗಿ ಬರುವಂಥವು. ಆ ಭೀಮೆಯೇ ನಮ್ಮ ಕಲಬುರಗಿ ಜಿಲ್ಲೆಗೆ ಇಳಿದು, ಚಿಂಚೋಳಿಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು ಬರುವ ಕಾಗಿಣೆಯನ್ನು ಶಹಾಬಾದಿನ ಆಚೆ ಹೊನಗುಂಟದ ಬಳಿ ತನ್ನಲ್ಲಿ ಸೇರಿಸಿಕೊಳ್ಳುವುದು. ಕುರ್ಡುವಾಡಿಯಿಂದ ಪಂಢರಪುರದ ಮೇಲೆ ಹಾಯುತ್ತಿದ್ದ ಬಾರ್ಶಿ ಲೈಟ್ ರೇಲ್ವೆಯ ಕಿರುಹಳಿ 1927ರಲ್ಲಿ ಮೀರಜವನ್ನು ಮುಟ್ಟಿತು. ವಾಡಿ, ಶಹಾಬಾದುಗಳಲ್ಲಿ ರೈಲು ಹತ್ತಿದ ನಮ್ಮ ಹಿರಿಯರಿಗೆ ಆ ಬಳಿಕ ತಂಬೂರಿಯ ಊರು ದೂರವೆನಿಸಲಿಲ್ಲ.

ಇನ್ನು ಎದುರು ಪಕ್ಷದವರ ಮಾತು. ‘ಇಷ್ಟು ಕಷ್ಟವೇಕೆ? ಅಂಗೈಯಗಲದ ಎಲೆಕ್ಟ್ರಾನಿಕ್ ಪೆಟ್ಟಿಗೆಯಿದೆ, ಅದೂ ಬೇಡವೆಂದರೆ ಮೊಬೈಲಿದೆ’ ಎನ್ನುವವರು ಇದನ್ನು ಓದುತ್ತ ನಗುತ್ತಿರುವುದು ನನಗೆ ಗೊತ್ತು. ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿ ಬಳಕೆಗೆ ತಂದ ಬೆಂಗಳೂರಿನ ಜಿ. ರಾಜನಾರಾಯಣರು ಸ್ವತಃ ಕೊಳಲು ನುಡಿಸುವವರು. ಅವರ ಉಪಕಾರವನ್ನು ನಾನು ಅಲ್ಲಗಳೆಯೆನು. ಒಂಟಿಯಾಗಿ ಬೆಳಗಿನ ಜಾವ ಸಾಧನೆಗೆ ಕೂರುವ ವಿದ್ಯಾರ್ಥಿಗೆ ತಂಬೂರಿ ಹಿಡಿಯುವವರು ಯಾರು? ನನ್ನ ಜಗಳವಿರುವುದು, ವೇದಿಕೆಯ ಮೇಲೆ ಎರಡು ತಂಬೂರಿಗಳನ್ನು ಶೋಭೆಗೆ ಕೂರಿಸಿ, ಹಿಂದೆ ನೆಲದ ಮೇಲೆ ಪೆಟ್ಟಿಗೆಗೆ ಮೈಕು ಹಚ್ಚಿ, ತಂಬೂರಿಯವನ ಬೆರಳು ಆಡುತ್ತಿರುವಂತೆ ತೋರಿಸುವ ಸಂಪ್ರದಾಯದೊಡನೆ. ಮೂಕ ತಂಬೂರಿಗೆ ನಮಸ್ಕರಿಸಿ ಹಾಡಲು ಕೂರುವ ಗಾಯಕರನ್ನು ಕಂಡಾಗ, ಇವರಿಗೆ ಷಡ್ಜವೆಂದರೆ ಯಾವುದೆಂದು ಕೇಳಬೇಕೆನಿಸುತ್ತದೆ.

ಈ ಜಗಳದಲ್ಲಿ ನನ್ನ ವಕೀಲರು ಇಬ್ಬರು. ಮೊದಲನೆಯವರು ಸಿ.ವಿ. ರಾಮನ್ನರು. ನೊಬೆಲ್ ಪಾರಿತೋಷಕ ಬರುವುದಕ್ಕೆ ಒಂಬತ್ತು ವರ್ಷ ಮುಂಚೆ, 1921ರಲ್ಲಿ, ಭಾರತೀಯ ತಂತಿವಾದ್ಯಗಳನ್ನು ಕುರಿತು ಅವರು ಕಲಕತ್ತೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವನ್ನು ನಾನು ಎಷ್ಟು ಸಲ ಓದಿದರೂ ತಣಿಯೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಉಪಸ್ವರಗಳು ಹುಟ್ಟಲಾರವೆಂಬುದು ಯಂಗ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪಾಶ್ಚಾತ್ಯರು ಒಪ್ಪಿದ್ದ ನಿಯಮ. ತಂಬೂರಿ ವೀಣೆಗಳಲ್ಲಿ ಹುಟ್ಟಬಾರದ ಆ ಸ್ವರಗಳೇ ಗಟ್ಟಿಯಾಗಿ ಹಾಡುತ್ತವೆಯೆಂದು ರಾಮನ್ನರು ತೋರಿಸಿ, ಅದಕ್ಕೆ ಕಾರಣವನ್ನು ಕುದುರೆಯ ಬಾಗಿದ ಮೈಯಲ್ಲಿಯೂ, ತಂಬೂರಿಯಲ್ಲಾದರೆ ತಂತಿಯ ಕೆಳಗೆ ನುಸುಳಿಸಿದ ನೂಲಿನೆಳೆಯಲ್ಲಿಯೂ ಕಂಡರು. ಎಳೆಯನ್ನು ತೆಗೆದರೆ ದನಿ ಬಡವಾಗುವುದು. ಹಿಂದೆ ಮುಂದೆ ಜರುಗಿಸಿ ಒಂದು ನೆಲೆಗೆ ತಂದರೆ ತುಂಬಿ ಮೊಳಗುವುದು. ಅವರಿಗಿಂತ ಏಳು ಶತಮಾನ ಹಿಂದೆ, ದೇವಗಿರಿಯಲ್ಲಿ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಏಕತಂತ್ರೀ ವೀಣೆಯನ್ನು ವರ್ಣಿಸುವಾಗ, ತಂತಿ ಒರಗುವ ಲೋಹದ ಪಟ್ಟಿ ಆಮೆಯ ಬೆನ್ನಿನಂತೆ ನಡುವೆ ಉಬ್ಬಿರಬೇಕೆಂದೂ, ನಾದಕ್ಕಾಗಿ ತಂತಿಗೂ ಅದಕ್ಕೂ ನಡುವೆ ಬಿದಿರಿನ ಸೀಳೊಂದನ್ನು ಇಡಬೇಕೆಂದೂ ವಿಧಿಸಿದನು. ವಿಜಯನಗರದಲ್ಲಿ ಕಲ್ಲಿನಾಥನು ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದನು. ಇವರೆಲ್ಲ ತಲೆ ಕೆಡಿಸಿಕೊಂಡದ್ದು ಯಾವ ಎಳೆಗಾಗಿಯೋ, ಆ ಎಳೆಯನ್ನು ಜರುಗಿಸುವ ಭಾಗ್ಯ ಪೆಟ್ಟಿಗೆಯವರಿಗಿಲ್ಲ, ಅವರಿಗಿರುವುದು ಗುಂಡಿ.

ಫಲವೇನೆಂದರೆ, ಹದಗೊಂಡ ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿಯೊಳಗಿಂದ ಯಾರೂ ಮೀಟದ ಗಾಂಧಾರ ತಾನಾಗಿ ಎದ್ದು ಬರುವುದು. ಅದು ಮೂಲಸ್ವರದ ಐದನೆಯ ಉಪಸ್ವರ. ಹಾರ್ಮೋನಿಯಮ್ಮಿನ ಗಾಂಧಾರಕ್ಕಿಂತ ಸೂಕ್ಷ್ಮವಾಗಿ ಇಳಿದುದು. ಕೊಳ್ಳುವಾಗ ಕೇಳಬೇಕಾದದ್ದು ಇದನ್ನೇ, ಆದರೆ ಜವಾರಿ ಸರಿಯಿದ್ದಾಗ. ಚಿಮ್ಮನಚೋಡದಲ್ಲಿ ನಾನು ಹೊಲಿಗೆಯ ದಾರವನ್ನು ಖರ್ಜದ ಕೆಳಗೆ ಸೇರಿಸಿ, ಗೆರೆ ಬಿದ್ದ ಜಾಗದಿಂದ ತಂತಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಮೀಟಿದೆ. ಶಿಕ್ಷಕರು ಚಹಾದ ಬಟ್ಟಲನ್ನು ಕೆಳಗಿಟ್ಟರು.

ಒಂದು ಎಚ್ಚರಿಕೆ. ಹಳೆಯ ವಾದ್ಯಗಳಲ್ಲಿ ಕುದುರೆ ಜಿಂಕೆಯ ಕೊಂಬಿನದಾಗಿರಬಹುದು, ಅಲಂಕಾರ ದಂತದ್ದಾಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಇವುಗಳ ವ್ಯಾಪಾರ ಕೂಡದು. ಚಿಂಚೋಳಿಯ ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕೊಂಬೆಂದು ಸಮಜಾಯಿಷಿ ಹೇಳಿದರೂ ನಡೆಯದು. ಈ ತಂಬೂರಿಯ ಕುದುರೆ ಒಂಟೆಯ ಎಲುಬಿನದು, ಅಲಂಕಾರವೆಂಬುದು ಎರಡು ಗೆರೆ ಮಾತ್ರ.

ಬೆಲೆ ಮಾತಾಯಿತು, ಸಂಚಕಾರವನ್ನೂ ಕೊಟ್ಟೆ; ವಾದ್ಯವನ್ನು ಮಾತ್ರ ತರಲಿಲ್ಲ. ನಮ್ಮ ಸೀಮೆಯ ಬೇಸಿಗೆಯಷ್ಟು ಕಠಿಣನಾದ ಪರೀಕ್ಷಕ ಮತ್ತೊಬ್ಬನಿಲ್ಲ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿದ ಮರ ತನ್ನ ದೋಷಗಳನ್ನೆಲ್ಲ ಮುಚ್ಚಿಟ್ಟುಕೊಳ್ಳುವುದು. ವೈಶಾಖದ ಝಳದಲ್ಲಿ ಅದು ಕುಗ್ಗಿದಾಗ ಅಂಟು ಬಿಡುವ ಸಂದುಗಳೂ ಬಾಯ್ದೆರೆಯುವ ಸೀಳುಗಳೂ ತಾವಾಗಿ ಹೊರಬೀಳುವುವು. ಮೇ ತಿಂಗಳಲ್ಲಿ ನಿಂತ ತಂಬೂರಿ ಉಳಿದ ತಿಂಗಳುಗಳಲ್ಲಿ ಬೀಳದು. ಹಾಗೆಂದು ವಿವರಿಸಿ, ಬೇಸಿಗೆ ಕಳೆಯುವವರೆಗೆ ಇರಲಿ, ಆಮೇಲೆ ಬಂದು ಒಯ್ಯುವೆನು, ಸೀಳು ಹೆಚ್ಚಿದ್ದರೆ ಬೆಲೆಯನ್ನು ಮತ್ತೆ ಮಾತಾಡೋಣ ಎಂದೆ. ಯಜಮಾನರಿಗೆ ಇದು ಹೊಸ ಬಗೆಯ ವ್ಯಾಪಾರವೆನಿಸಿತು. ‘ಅಲ್ಲೀತನಕ ಗ್ವಾಡಿಗೇ ಇರಲೇನ್ರಿ?’ ಎಂದು ಕೇಳಿದರು. ಇರಲಿ, ಆದರೆ ತಂತಿಗಳನ್ನು ಅರೆಪಾಲು ಸಡಿಲಿಸಿ, ಅಡುಗೆಮನೆಗೆ ಹೊಂದಿದ ಈ ಗೋಡೆಯಿಂದ ತೆಗೆದು ಒಳಕೋಣೆಯ ಗೋಡೆಗೆ ಹಾಕಿರಿ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದೆವು.