ಎರಡು ವರ್ಷದ ಕಡತ, ಮೂರು ವರ್ಷದ ಕರಾರು

ಅಮೆರಿಕದಲ್ಲಿ ಕಾರನ್ನು ಕೊಳ್ಳದೆ ಲೀಸ್‌ಗೆ ಹಿಡಿಯುವವರ ಹಿತ ಕಾಯಲೆಂದು ಇರುವ ನಿಯಮಾವಳಿಯ ಹೆಸರು ‘ರೆಗ್ಯುಲೇಷನ್ ಎಂ’. 1976ರ ಗ್ರಾಹಕ ಲೀಸ್ ಕಾಯ್ದೆಯನ್ನು ಜಾರಿಗೆ ತರುವ ಈ ನಿಯಮಾವಳಿಯನ್ನು ಫೆಡರಲ್ ರಿಸರ್ವ್ 1996ರಲ್ಲಿ ಹೊಸದಾಗಿ ಬರೆಯಿತು. ಅಂದಿನಿಂದ ಇದನ್ನು ಮೆಚ್ಚುವವರು ಮೆಚ್ಚುವುದು ಅದರ ಮಾದರಿ ನಮೂನೆಯನ್ನು, ಟೀಕಿಸುವವರು ಟೀಕಿಸುವುದೂ ಅದೇ ನಮೂನೆಯನ್ನು. ಗ್ರಾಹಕನ ಕೈಗೆ ಬರುವ ಹಾಳೆಯಲ್ಲಿ ಏನಿರಬೇಕು ಎಂಬುದರ ಮೇಲೆಯೇ ಇಷ್ಟು ವರ್ಷಗಳ ಚರ್ಚೆ ಸವೆದಿದೆ. ಆ ಹಾಳೆ ಕೊಟ್ಟದ್ದಕ್ಕೆ, ಅದರಲ್ಲಿ ಇಂಥದ್ದೇ ಅಂಕಿ ಇತ್ತೆಂಬುದಕ್ಕೆ ಪುರಾವೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂದು ಹೇಳುವ ಎಂಟನೆಯ ಕಲಮನ್ನು ಓದಿದವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ನಿಯಮಾವಳಿಯ ಬೆಲೆ ನಿರ್ಧಾರವಾಗಬೇಕಾದದ್ದು ಅಲ್ಲಿ. ಅಲ್ಲೇ ಅದು ಸೋಲುತ್ತದೆ.

ನಮೂನೆಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಮಾಸಿಕ ಕಂತು ಹುಟ್ಟುವ ಲೆಕ್ಕವನ್ನು ಅದು ಹಂತ ಹಂತವಾಗಿ ಬಿಡಿಸಿಡುತ್ತದೆ. ಮುಂಗಡ ಕಳೆದ ಮೇಲೆ ಕಾರಿನ ಬೆಲೆ 30,000 ಡಾಲರ್, 36 ತಿಂಗಳ ನಂತರ ಉಳಿಯುವ ಮೌಲ್ಯದ ಅಂದಾಜು 18,000 ಡಾಲರ್ ಎಂದುಕೊಂಡರೆ, ಸವಕಳಿ 12,000 ಡಾಲರ್. ಅದರ ಮೇಲೆ ಬಡ್ಡಿಯ ಸ್ಥಾನದಲ್ಲಿರುವ ‘ರೆಂಟ್ ಚಾರ್ಜ್’ 4,320 ಡಾಲರ್ ಎಂದಾದರೆ ಒಟ್ಟು 16,320, ತಿಂಗಳಿಗೆ ಸುಮಾರು 453 ಡಾಲರ್. ಇಷ್ಟೂ ಅಂಕಿಗಳು ಸಹಿಗೆ ಮೊದಲೇ, ಬೇರೆ ಬರಹದೊಂದಿಗೆ ಬೆರೆಯದಂತೆ, ಗ್ರಾಹಕನ ಮುಂದಿರಬೇಕು. ಅವಧಿಗೆ ಮೊದಲೇ ಕಾರು ಹಿಂದಿರುಗಿಸಿದರೆ ದಂಡ ಹಲವು ಸಾವಿರ ಡಾಲರ್‌ಗೆ ಏರಬಹುದೆಂಬ ಎಚ್ಚರಿಕೆಯೂ ಅಲ್ಲಿರಬೇಕು. ಕೆಲಸ ಬದಲಾಗಿಯೋ ವೀಸಾ ಮುಗಿದೋ ಅರ್ಧದಲ್ಲೇ ಊರಿಗೆ ಹೊರಡಬೇಕಾಗಿ ಬರುವ ನಮ್ಮ ಕನ್ನಡದ ಎಂಜಿನಿಯರುಗಳಿಗೆ ಈ ಎಚ್ಚರಿಕೆಯ ಬೆಲೆ ಗೊತ್ತಾಗುತ್ತದೆ.

ಟೀಕಾಕಾರರ ತಕರಾರು ಬೇರೆ. ಸಾಲಕ್ಕೆ ವಾರ್ಷಿಕ ಬಡ್ಡಿದರ ಹೇಳಲೇಬೇಕೆಂದಿರುವಾಗ ಲೀಸ್‌ಗೇಕೆ ಬೇಡ ಎಂದು ಅವರು ಕೇಳುತ್ತಾರೆ. ಮಾರಾಟಗಾರರು ಬಳಸುವ ‘ಮನಿ ಫ್ಯಾಕ್ಟರ್’ ಅನ್ನು 2,400ರಿಂದ ಗುಣಿಸಿದರೆ ಸರಿಸುಮಾರು ಬಡ್ಡಿದರವೇ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು 0.0025, ಅಂದರೆ ಶೇಕಡಾ 6. ಇಷ್ಟು ಸುಲಭವಾದದ್ದನ್ನು ಮುಚ್ಚಿಡುವುದೇಕೆ ಎಂಬುದು ಅವರ ವಾದ. ಉಳಿಕೆ ಮೌಲ್ಯವೇ ಒಂದು ಅಂದಾಜು, ಅದರ ಮೇಲೆ ನಿಂತ ದರವನ್ನು ಬೇಕಾದಂತೆ ತಿರುಚಬಹುದು ಎಂಬುದು ಎದುರು ಪಕ್ಷದ ಉತ್ತರ. ದರ ಹೇಳಿದರೆ, ಅದು ಲೀಸ್‌ನ ಒಟ್ಟು ಹಣಕಾಸು ವೆಚ್ಚವನ್ನು ಅಳೆಯದಿರಬಹುದು ಎಂಬ ಸೂಚನೆಯನ್ನೂ ಜೊತೆಗೆ ಹಾಕಬೇಕೆಂದು ನಿಯಮಾವಳಿ ಹೇಳುತ್ತದೆ. ಈ ಜಗಳದಲ್ಲಿ ನಾನು ಟೀಕಾಕಾರರ ಕಡೆಗೇ ಸ್ವಲ್ಪ ವಾಲುತ್ತೇನೆ. ಆದರೆ ಅವರ ಮೇಲಿನ ನನ್ನ ದೂರು ಇದಕ್ಕಿಂತ ದೊಡ್ಡದು. ಹಾಳೆಗೆ ಇನ್ನೊಂದು ಅಂಕಿ ಸೇರಿಸಲು ಸೆಣಸಿದವರು, ಈಗಾಗಲೇ ಇರುವ ಅಂಕಿಗಳು ನಾಲ್ಕನೆಯ ವರ್ಷದಲ್ಲಿ ಯಾರ ಬಳಿ ಉಳಿದಿರುತ್ತವೆ ಎಂದು ಕೇಳಲೇ ಇಲ್ಲ. ಸಾಬೀತು ಮಾಡಲಾಗದ ಬಡ್ಡಿದರವೊಂದು ಗ್ರಾಹಕನಿಗೆ ಸಿಕ್ಕಿದರೆಷ್ಟು, ಬಿಟ್ಟರೆಷ್ಟು?

ಎಂಟನೆಯ ಕಲಮು ಒಂದೇ ವಾಕ್ಯದ್ದು. ನಿಯಮ ಪಾಲಿಸಿದ್ದಕ್ಕೆ ಪುರಾವೆಯನ್ನು, ಮಾಹಿತಿ ಕೊಡಬೇಕಾಗಿದ್ದ ಅಥವಾ ಕ್ರಮ ಕೈಗೊಳ್ಳಬೇಕಾಗಿದ್ದ ದಿನದಿಂದ ಕನಿಷ್ಠ ಎರಡು ವರ್ಷ ಲೀಸ್ ಕೊಟ್ಟವರು ಇಟ್ಟುಕೊಳ್ಳಬೇಕು. ಜಾಹೀರಾತಿನ ನಿಯಮಗಳಿಗೆ ಇದು ಅನ್ವಯಿಸದು. ಗಮನಿಸಬೇಕಾದದ್ದು ಗಡಿಯಾರ ಎಲ್ಲಿಂದ ಓಡಲು ಶುರುವಾಗುತ್ತದೆ ಎಂಬುದನ್ನು. ಮಾಹಿತಿ ಕೊಡಬೇಕಾದದ್ದು ಸಹಿಗೆ ಮೊದಲು. ಹಾಗಾಗಿ 2023ರ ಜನವರಿಯಲ್ಲಿ ಸಹಿಯಾದ ಕರಾರಿನ ಪುರಾವೆಯನ್ನು 2025ರ ಜನವರಿಯ ನಂತರ ಇಟ್ಟುಕೊಳ್ಳಲೇಬೇಕೆಂದಿಲ್ಲ. ಮೂರು ವರ್ಷದ ಲೀಸ್ ಮುಗಿಯುವುದು 2026ರ ಜನವರಿಯಲ್ಲಿ. ಈಗ ಮೂಲ ಕಾಯ್ದೆಯನ್ನು ತೆರೆದು ನೋಡಿ. ಮಾಹಿತಿ ಕೊಡದ ತಪ್ಪಿಗೆ ಗ್ರಾಹಕ ದಾವೆ ಹೂಡಲು ಅದು ಲೀಸ್ ಕೊನೆಗೊಂಡ ದಿನದಿಂದ ಒಂದು ವರ್ಷ ಕೊಡುತ್ತದೆ, ಅಂದರೆ 2027ರ ಜನವರಿಯವರೆಗೆ. ಹಕ್ಕು ಜೀವಂತವಾಗಿರುವ ಕೊನೆಯ ಎರಡು ವರ್ಷ, ಅದನ್ನು ಎತ್ತಿಹಿಡಿಯಬೇಕಾದ ದಾಖಲೆಗೆ ಕಾನೂನಿನ ಕಾವಲಿಲ್ಲ. ಸವೆತದ ದಂಡ, ಮಿತಿ ಮೀರಿದ ಮೈಲಿಗಳ ಶುಲ್ಕ, ಕಾರನ್ನು ತಾನೇ ಕೊಳ್ಳುವ ಬೆಲೆ, ಹೀಗೆ ವ್ಯಾಜ್ಯ ಹುಟ್ಟಿಸುವ ಬಾಬತ್ತುಗಳೆಲ್ಲ ತಲೆಯೆತ್ತುವುದೂ ಈ ಕೊನೆಯಲ್ಲೇ. ಕಾಯ್ದೆ ಬರೆದವರು ಇದನ್ನು ಅರಿತೇ ಕಾಲಮಿತಿಯನ್ನು ಲೀಸ್‌ನ ಅಂತ್ಯಕ್ಕೆ ಕಟ್ಟಿದರು. ನಿಯಮ ಬರೆದವರು ಕಡತವನ್ನು ಆರಂಭಕ್ಕೆ ಕಟ್ಟಿದರು. ಸಾಲಗಳ ನಿಯಮಾವಳಿಯಾದ ‘ರೆಗ್ಯುಲೇಷನ್ ಝಡ್’ನಲ್ಲೂ ಸಾಮಾನ್ಯ ಅವಧಿ ಎರಡೇ ವರ್ಷ. ಅಲ್ಲಿ ದಾವೆಯ ಸಾಮಾನ್ಯ ಕಾಲಮಿತಿ ತಪ್ಪು ನಡೆದ ದಿನದಿಂದ ಒಂದು ವರ್ಷವಾದ್ದರಿಂದ ಅದು ಹೊಂದುತ್ತದೆ. ಇಲ್ಲಿ ಹೊಂದುವುದಿಲ್ಲ.

ಗ್ರಾಹಕನ ಬಳಿಯೇ ಒಂದು ಪ್ರತಿ ಇರುತ್ತದಲ್ಲ ಎನ್ನಬಹುದು. ಇರುತ್ತದೆ, ಸರಿಯಾಗಿ ಕೊಟ್ಟಿದ್ದರೆ. ದೂರು ಇರುವುದೇ ಕೊಡಲಿಲ್ಲ ಎಂದಾಗ, ಅಥವಾ ಕೊಟ್ಟದ್ದು ಅಪೂರ್ಣ ಎಂದಾಗ. ಕಾರಿನ ಒಟ್ಟು ಬೆಲೆಯ ವಿವರವಾದ ಪಟ್ಟಿಯನ್ನು ಗ್ರಾಹಕ ಕೇಳಿದರಷ್ಟೇ ಕೊಟ್ಟರೆ ಸಾಕು; ಹಳೆಯ ಕಾರಿನ ಬಾಕಿ ಸಾಲ ಹೊಸ ಲೀಸ್‌ಗೆ ಸೇರಿಕೊಂಡಿದ್ದರೆ ಅದು ಬಯಲಾಗುವುದು ಆ ಪಟ್ಟಿಯಲ್ಲಿ. ಅದನ್ನು ಕೇಳದವರ ಮನೆಯ ಪ್ರತಿಯಲ್ಲಿ ಆ ವಿವರ ಇರುವುದಿಲ್ಲ. ಕಂಪನಿಗಳು ತಮ್ಮ ವ್ಯವಹಾರಕ್ಕಾಗಿ ಕಡತಗಳನ್ನು ಹೇಗೂ ಇಟ್ಟುಕೊಳ್ಳುತ್ತವೆ ಎಂಬ ಇನ್ನೊಂದು ವಾದವಿದೆ. ಹಾಗಿದ್ದರೆ ಅವಧಿ ಹೆಚ್ಚಿಸುವುದರಿಂದ ಅವುಗಳಿಗೆ ಹೊರೆಯೂ ಇಲ್ಲ. ವಾದ ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಖರ್ಚಿನ ಮಾತು ಇನ್ನೂ ಪೊಳ್ಳು. ಮೂಲ ಕಾಗದವೇ ಬೇಕಿಲ್ಲ, ಕಂಪ್ಯೂಟರಿನಲ್ಲಿಟ್ಟರೂ ನಡೆಯುತ್ತದೆ, ಕೊಟ್ಟ ಮಾಹಿತಿಯನ್ನು ಮತ್ತೆ ಕಟ್ಟಿಕೊಡಲು ಸಾಕಾಗುವಷ್ಟಿದ್ದರೆ ಸಾಕು ಎಂದು ಅಧಿಕೃತ ವ್ಯಾಖ್ಯಾನವೇ ವಿನಾಯಿತಿ ಕೊಟ್ಟಿದೆ.

ಮನಸ್ಸಿದ್ದರೆ ಅಮೆರಿಕದ ನಿಯಂತ್ರಕರಿಗೆ ಅವಧಿ ಬದಲಿಸುವುದು ಗೊತ್ತು. ಗೃಹಸಾಲದ ಅಂತಿಮ ಲೆಕ್ಕಪತ್ರವನ್ನು ಐದು ವರ್ಷ ಇಡಬೇಕೆಂದು ‘ಝಡ್’ನಲ್ಲೇ ಬರೆದಿದ್ದಾರೆ. ಲೀಸ್ ಕಾಯ್ದೆಯೂ ಇದ್ದಂತೆಯೇ ಉಳಿದಿಲ್ಲ: ಅದು ಅನ್ವಯಿಸುವ ಕರಾರಿನ ಮೊತ್ತಕ್ಕಿದ್ದ 25,000 ಡಾಲರ್ ಮಿತಿಯನ್ನು ಡಾಡ್–ಫ್ರಾಂಕ್ ಕಾಯ್ದೆ 2010ರಲ್ಲಿ 50,000ಕ್ಕೆ ಏರಿಸಿ ಬೆಲೆಯೇರಿಕೆಗೆ ಜೋಡಿಸಿತು. 2025ಕ್ಕೆ ಅದು 71,900 ಡಾಲರ್. 2011ರಲ್ಲಿ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ ನಿಯಮಾವಳಿಯನ್ನು ತನ್ನ ಹೆಸರಿನಲ್ಲಿ ಮತ್ತೆ ಹೊರಡಿಸಿದಾಗಲೂ ಎಂಟನೆಯ ಕಲಮು ಎರಡು ವರ್ಷವನ್ನೇ ಹೊತ್ತುಕೊಂಡು ಬಂತು. ಬೇಕಾಗಿರುವ ತಿದ್ದುಪಡಿ ಚಿಕ್ಕದು: ಎರಡು ವರ್ಷವನ್ನು ಲೀಸ್ ಮುಗಿದ ದಿನದಿಂದ ಎಣಿಸಬೇಕು, ಮತ್ತು ಗ್ರಾಹಕನನ್ನು ಶೋರೂಮಿಗೆ ಕರೆತಂದ ಜಾಹೀರಾತನ್ನೂ ಅದೇ ಕಡತಕ್ಕೆ ಸೇರಿಸಬೇಕು.