ಕಪ್ಪು-ಬಿಳುಪು ಚಿತ್ರ, ಬಣ್ಣದ ಗೋಡೆ

ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಅದಾದ ಮೇಲೂ ಹಲವು ವರ್ಷ ನಮ್ಮ ಬಹುಪಾಲು ಚಿತ್ರಗಳು ಕಪ್ಪು-ಬಿಳುಪಿನವೇ. ಪೋಸ್ಟರ್ ಮಾತ್ರ ಬಣ್ಣಬಣ್ಣದ್ದು. ಗೋಡೆಯ ಮೇಲೆ ಗುಲಾಬಿ ಕೆನ್ನೆಯ ನಾಯಕಿ, ಹಸಿರು ಮುಖದ ಖಳ, ಹಿಂದೆ ಕೆಂಡದಂಥ ಆಕಾಶ. ಟಿಕೆಟ್ ಹರಿಸಿಕೊಂಡು ಒಳಗೆ ಕೂತರೆ ಇದರಲ್ಲಿ ಒಂದೂ ಇಲ್ಲ! ಆದರೂ ಮೋಸ ಹೋದೆವೆಂದು ಯಾರೂ ಜಗಳ ತೆಗೆಯುತ್ತಿರಲಿಲ್ಲ. ಹಸಿರು ಮುಖ ಕಂಡರೆ ಈತ ಮನೆ ಮುರಿಯುವವನು, ಗುಲಾಬಿ ಕಂಡರೆ ಹಾಡುಂಟು, ಕೆಂಪು ಕಂಡರೆ ಹೊಡೆದಾಟವುಂಟು ಎಂದು ನೋಡುವವರು ಓದಿಕೊಳ್ಳುತ್ತಿದ್ದರು. ಕನ್ನಡ ಪೋಸ್ಟರಿನ ಪರಂಪರೆಗೆ ಬೆಲೆಕಟ್ಟಲು ಹೊರಟವರು ಈ ಓದಿನಿಂದಲೇ ಶುರುಮಾಡಬೇಕು.

ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ಸಿನಿಮಾಕ್ಕೆ ಬಂದದ್ದು ಕಂಪನಿ ನಾಟಕಗಳಿಂದ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಕೂಡ ಗುಬ್ಬಿ ಕಂಪನಿಯ ನಾಟಕವಾಗಿದ್ದದ್ದೇ. ಪೋಸ್ಟರಿನ ಚಿತ್ರಭಾಷೆಯ ಬೇರು ಮಾತ್ರ ಬೇರೆ ಕಡೆ ಇದೆ. ಅದನ್ನು ಕಾಣಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಬೇಕು. ಅಲ್ಲಿ ರವಿವರ್ಮನ ದೇವತೆಗಳು ನೋಡುವವರಿಗೆ ಮುಖ ಕೊಟ್ಟು ನಿಂತಿದ್ದಾರೆ. ಒಡವೆಯ ಒಂದೊಂದು ಮಣಿಯನ್ನೂ ಎಣಿಸಬಹುದು, ಸೀರೆಯ ಜರಿ ಹೊಳೆಯುತ್ತದೆ, ಬೆಳಕು ಮುಖದ ಮೇಲೇ ಬೀಳುತ್ತದೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಕಲ್ಲಚ್ಚಿನ ಮುದ್ರಣಾಲಯ ಈ ದೇವತೆಗಳನ್ನು ಮನೆಮನೆಯ ದೇವರಗೂಡಿಗೆ ತಂದು ನಿಲ್ಲಿಸಿತು. ಮುಂದೆ ಶಿವಕಾಶಿಯ ಅಚ್ಚುಮನೆಗಳಲ್ಲಿ ಕ್ಯಾಲೆಂಡರೂ ಸಿನಿಮಾ ಪೋಸ್ಟರೂ ಅಕ್ಕಪಕ್ಕದಲ್ಲೇ ಅಚ್ಚಾದವು. ಆದ್ದರಿಂದ ಪೌರಾಣಿಕ ಚಿತ್ರದ ಪೋಸ್ಟರಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಕಿರೀಟ, ತಲೆಯ ಹಿಂದೊಂದು ಪ್ರಭೆ, ಕಾಲ ಕೆಳಗೆ ಮೋಡ ಬರೆದರೆ ಮುಗಿಯಿತು. ನಂಜನಗೂಡಿನಿಂದಲೋ ತಿ. ನರಸೀಪುರದಿಂದಲೋ ದೇವರಾಜ ಮಾರುಕಟ್ಟೆಗೆ ಬಂದ, ಅಕ್ಷರ ಬಾರದ ರೈತನೂ ಸಯ್ಯಾಜಿರಾವ್ ರಸ್ತೆಯ ಗೋಡೆ ನೋಡಿ ಇದು ದೇವರ ಪಿಕ್ಚರ್ ಎನ್ನಬಲ್ಲವನಾಗಿದ್ದ. ಅವನಿಗೆ ಆ ಪಾಠವಾಗಿದ್ದು ಥಿಯೇಟರಿಗೆ ಬರುವ ಎಷ್ಟೋ ಮೊದಲು, ಸ್ವಂತ ಮನೆಯ ಗೋಡೆಯ ಮುಂದೆ.

ಸಾಮಾಜಿಕ ಚಿತ್ರಕ್ಕೆ ಈ ಅನುಕೂಲವಿರಲಿಲ್ಲ. ಅದರ ಪೋಸ್ಟರ್ ಬಾಳೆಲೆ ಬಡಿಸಿದ ಹಾಗೆ: ಯಾವುದು ಎಲ್ಲಿ ಬೀಳಬೇಕೆಂಬುದು ಮೊದಲೇ ನಿಗದಿ. ನಟ್ಟನಡುವೆ ನಾಯಕ, ಅವನ ಹೆಗಲಿಗೆ ಒರಗಿದ ನಾಯಕಿ, ಕಣ್ಣೀರಿಟ್ಟ ತಾಯಿ, ಮೇಲಿನ ಮೂಲೆಯಲ್ಲಿ ಕಣ್ಣು ಕೆಕ್ಕರಿಸಿದ ವಜ್ರಮುನಿ, ಕೆಳಗಿನ ಮೂಲೆಯಲ್ಲಿ ನರಸಿಂಹರಾಜು ಇಲ್ಲವೇ ದ್ವಾರಕೀಶ್. ಹಾಸ್ಯನಟನ ಮುಖ ಎಷ್ಟು ಚಿಕ್ಕದಿದ್ದರೂ ಸರಿ, ಇರಲೇಬೇಕಿತ್ತು. ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ, ಬರೀ ಅಳಿಸಿ ಕಳಿಸುವುದಿಲ್ಲ ಎಂಬ ಭರವಸೆ ಅದು. ಇದನ್ನು ಗಿಜಿಗಿಜಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಂದೇ ಚಿತ್ರದಲ್ಲಿ ಅಳು, ನಗು, ಹಾಡು, ಹೊಡೆದಾಟ ಎಲ್ಲವೂ ಇದ್ದಾಗ ಪೋಸ್ಟರಿನಲ್ಲಿ ಒಂದನ್ನೇ ತೋರಿಸುವುದು ಸುಳ್ಳಾಗುತ್ತಿತ್ತು.

ಈ ಪರಂಪರೆಯ ನಿಜವಾದ ದೌರ್ಬಲ್ಯ ತಾರೆಯ ಮುಖ. 1968ರ ‘ಜೇಡರ ಬಲೆ’ಯಿಂದ ದೊರೈ-ಭಗವಾನ್ ಜೋಡಿ ಸಿ.ಐ.ಡಿ. 999 ಸರಣಿ ಶುರುಮಾಡಿತು. ಜೇಮ್ಸ್ ಬಾಂಡ್‌ನ ಕೋಟು, ಪಿಸ್ತೂಲು ಕನ್ನಡದ ಗೋಡೆಗೂ ಬಂದವು. ಪತ್ತೇದಾರಿ ಚಿತ್ರ ಎಂದು ತಿಳಿಸಿದ್ದು ಆ ಕೋಟು. ಜನ ನೋಡಿದ್ದು ರಾಜ್‌ಕುಮಾರ್ ಮುಖ. ಅದೇ ಮುಖ 1972ರ ‘ಬಂಗಾರದ ಮನುಷ್ಯ’ದಲ್ಲಿ ರೈತ, ಮರುವರ್ಷ ‘ಗಂಧದ ಗುಡಿ’ಯಲ್ಲಿ ಖಾಕಿ ತೊಟ್ಟ ಅರಣ್ಯಾಧಿಕಾರಿ, 1975ರ ‘ಮಯೂರ’ದಲ್ಲಿ ಕದಂಬರ ದೊರೆ. ಮುಖ ಒಂದೇ ಆದ್ದರಿಂದ ಚಿತ್ರದ ಬಗೆ ಹೇಳುವ ಹೊರೆಯೆಲ್ಲ ಬಟ್ಟೆಯ ಮೇಲೆ ಬಿತ್ತು. ಒಬ್ಬನೇ ನಟ ಇಷ್ಟೆಲ್ಲ ವೇಷ ಹಾಕುವವರೆಗೆ ಇದು ಚೆನ್ನಾಗಿಯೇ ನಡೆಯಿತು. ಎಂಬತ್ತರ ದಶಕದಲ್ಲಿ ಪೌರಾಣಿಕ, ಐತಿಹಾಸಿಕಗಳು ಅಪರೂಪವಾಗಿ ನಾಯಕರೆಲ್ಲ ಪ್ಯಾಂಟು-ಶರ್ಟಿಗೆ ಇಳಿದ ಮೇಲೆ ಬಟ್ಟೆ ಮೂಕವಾಯಿತು. ಆಗ ಮಾತಾಡಲು ಬಂದದ್ದು ಕೈಯಲ್ಲಿನ ಮಚ್ಚು, ಕೋವಿ, ಸರಪಳಿ. ‘ಪ್ರೇಮಲೋಕ’ (1987) ಬೈಕು ಏರಿ ಬಂದು ಕಾಲೇಜು ಪ್ರೇಮಕ್ಕೊಂದು ಹೊಸ ಗುರುತು ಕೊಟ್ಟಿತು, ನಿಜ. ಆದರೆ 1995ರ ‘ಓಂ’ ನಂತರ ಮಚ್ಚಿನದೇ ರಾಜ್ಯಭಾರ.

ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ ಅಕ್ಷರಗಳಲ್ಲಿದೆ, ಅದರ ಬಗ್ಗೆ ನಾವು ಮಾತಾಡಿದ್ದೇ ಕಡಿಮೆ. ಕನ್ನಡ ಲಿಪಿ ದುಂಡಗಿನದು, ಸ್ವಭಾವದಿಂದಲೇ ಸೌಮ್ಯ. ಅದರಿಂದ ಭಯ ಹುಟ್ಟಿಸಬೇಕಾದರೆ ದುಂಡನ್ನು ಒಡೆಯಲೇಬೇಕು. ಶೀರ್ಷಿಕೆ ಬರೆಯುವ ಕಲಾವಿದರು ತಲೆಕಟ್ಟನ್ನು ಕತ್ತಿಯ ಹಾಗೆ ಎಳೆದರು, ಒತ್ತಕ್ಷರದ ಬಾಲದಿಂದ ರಕ್ತ ತೊಟ್ಟಿಕ್ಕಿಸಿದರು, ಕೊಂಬನ್ನು ಹೆಡೆಯಾಗಿಸಿದರು. ಐತಿಹಾಸಿಕಕ್ಕೆ ಶಾಸನದ ಕಲ್ಲಿನಲ್ಲಿ ಕೊರೆದಂಥ ದಪ್ಪ ಅಕ್ಷರ, ಭಕ್ತಿಚಿತ್ರಕ್ಕೆ ಚಿನ್ನದ ಅಂಚು, ಸಂಸಾರದ ಕಥೆಗೆ ಕುಂಚದಲ್ಲಿ ಸಲೀಸಾಗಿ ಎಳೆದ ಬರಹ. ಓಡುವ ಸಿಟಿ ಬಸ್ಸಿನ ಕಿಟಕಿಯಿಂದ ನೋಡಿದರೂ ಗುರುತು ಹತ್ತುತ್ತಿತ್ತು. ಉಪೇಂದ್ರ ಈ ಬಲವನ್ನು ಚೆನ್ನಾಗಿ ಅರಿತವರು: ಅವರ 2010ರ ಚಿತ್ರಕ್ಕೆ ಹೆಸರೇ ಇರಲಿಲ್ಲ, ಪೋಸ್ಟರಿನಲ್ಲಿದ್ದದ್ದು ಬೆರಳಿನ ಒಂದು ಮುದ್ರೆ. ನಾಡೆಲ್ಲ ಅದನ್ನು ‘ಸೂಪರ್’ ಎಂದು ಓದಿತು.

ಹೊಸ ಅಲೆಯವರು ಈ ಗದ್ದಲವನ್ನೆಲ್ಲ ಒಲ್ಲೆ ಎಂದರು. ‘ಸಂಸ್ಕಾರ’ಕ್ಕೆ (1970) ಕಲಾನಿರ್ದೇಶನ ಮಾಡಿದವರು ಮೈಸೂರಿನಲ್ಲಿ ಹುಟ್ಟಿದ ಚಿತ್ರಕಲಾವಿದ ಎಸ್.ಜಿ. ವಾಸುದೇವ್, ಸಿನಿಮಾಕ್ಕೆ ಆಧುನಿಕ ಚಿತ್ರಕಲೆಯ ಕಣ್ಣು ಸಿಕ್ಕ ಕಾಲವದು. ಖಾಲಿ ಜಾಗ, ತೆಳು ಅಕ್ಷರ, ಕ್ಯಾಮೆರಾದ ಕಡೆ ನೋಡದ ಮುಖ. ಗಂಭೀರ ಚಿತ್ರವೆಂದರೆ ಹೀಗೆ ಎಂದಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಇದೂ ಅಚ್ಚಿಗೆ ಬಿದ್ದ ಸಂಪ್ರದಾಯವೇ ಆಗಿಬಿಟ್ಟಿತು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಮೂರೂ ರಾಷ್ಟ್ರದ ಅತ್ಯುತ್ತಮ ಚಿತ್ರಗಳಾದವು. ಕೊನೆಗೆ ‘ಪ್ರಶಸ್ತಿ ವಿಜೇತ’ ಎಂಬ ಒಂದು ಸಾಲೇ ಒಂದು ಬಗೆಯ ಗುರುತಾಯಿತು. ಆ ಸಾಲು ಎಷ್ಟು ಜನರನ್ನು ಬೆಳಗಿನ ಆಟಕ್ಕೆ ಕರೆಯಿತೋ, ಅದಕ್ಕಿಂತ ಹೆಚ್ಚು ಜನರನ್ನು ಪಕ್ಕದ ಥಿಯೇಟರಿಗೆ ಓಡಿಸಿರಬೇಕು.

ಫ್ಲೆಕ್ಸ್ ಬಂದು ಕುಂಚ ಮೂಲೆ ಸೇರಿತು. ಅದಕ್ಕಾಗಿ ಹಳಹಳಿಸಿ ಫಲವಿಲ್ಲ. ಕಂಪ್ಯೂಟರಿನಲ್ಲೂ ಒಳ್ಳೆಯ ಪೋಸ್ಟರ್ ಸಾಧ್ಯ. ‘ಮುಂಗಾರು ಮಳೆ’ (2006) ಬಂದ ಮೇಲೆ ನೆನೆದು ನಿಂತ ಜೋಡಿ ಎಂದರೆ ಪ್ರೇಮಕಥೆ ಎಂದಾಗಿ, ಬೇಸಿಗೆಯಲ್ಲಿ ನಡೆಯುವ ಕಥೆಗಳ ಪೋಸ್ಟರಿನಲ್ಲೂ ಮಳೆ ಸುರಿಯಿತು. ನಕಲಾದರೂ ಅದೊಂದು ಗುರುತು. ನನ್ನ ತಕರಾರಿರುವುದು 2018ರ ‘ಕೆಜಿಎಫ್’ ನಂತರದ ಗೋಡೆಯ ಬಗ್ಗೆ. ಮಸಿ ಬಡಿದ ಬಣ್ಣ, ಗಡ್ಡ, ಹಾರುವ ಕಿಡಿ, ಬೆನ್ನ ಹಿಂದೆ ಜನಸಾಗರ, ಲೋಹದಲ್ಲಿ ಎರಕ ಹೊಯ್ದ ಶೀರ್ಷಿಕೆ. ‘ಕೆಜಿಎಫ್’ಗೆ ಅದು ಒಪ್ಪಿತ್ತು, ಕಥೆ ನಡೆಯುವುದೇ ಗಣಿಯಲ್ಲಿ. ‘ಕಾಂತಾರ’ದ (2022) ಬೆಂಕಿಗೂ ಕಾರಣವಿತ್ತು, ಪಂಜು ಭೂತಕೋಲದ್ದೇ ಬೆಳಕು. ಗಣಿಯೂ ಕೋಲವೂ ಇಲ್ಲದ ಕಥೆಗಳಿಗೆ ಅದೇ ಮಸಿ, ಅದೇ ಕಿಡಿ ಏಕೆ? ಇವು ಹೇಳುತ್ತಿರುವುದು ಚಿತ್ರ ಎಷ್ಟು ದೊಡ್ಡದು ಎಂಬುದನ್ನು ಮಾತ್ರ, ಎಂಥದು ಎಂಬುದನ್ನಲ್ಲ. ಐದು ಭಾಷೆಗೆ ಒಂದೇ ವಿನ್ಯಾಸ ಮಾಡಿ ಕೊನೆಗೆ ಲಿಪಿ ಬದಲಿಸುವ ಪದ್ಧತಿಯಲ್ಲಿ ಕನ್ನಡದ ತಲೆಕಟ್ಟಿಗೆ ಕತ್ತಿಯಾಗುವ ಅವಕಾಶವೆಲ್ಲಿ?

ಮೈಸೂರಿನಲ್ಲಿ ಪೋಸ್ಟರ್ ನೋಡುವ ರೀತಿಯೂ ಬದಲಾಗಿದೆ. ಕೋವಿಡ್ ನಂತರ ಶಾಂತಲಾ ಥಿಯೇಟರ್ ಬಾಗಿಲು ತೆರೆಯಲಿಲ್ಲ. ಮಾಲ್‌ಗಳಿಗೆ ಬರುವವರು ಫೋನಿನಲ್ಲೇ ಟ್ರೇಲರ್ ನೋಡಿ, ಸೀಟು ಕಾದಿರಿಸಿಕೊಂಡೇ ಬರುತ್ತಾರೆ. ಹೆಬ್ಬೆರಳಿನಷ್ಟಾದ ಪೋಸ್ಟರಿನಲ್ಲಿ ಮೂಲೆಯ ವಜ್ರಮುನಿಗೆ ಜಾಗವಿಲ್ಲ, ಒಂದು ಮುಖ ಹಿಡಿಸಿದರೆ ಹೆಚ್ಚು. ಹಾಗಿದ್ದ ಮೇಲೆ ಉಳಿದ ಆ ಅಂಗುಲದಲ್ಲಿ ಮಾತಾಡಬಲ್ಲದ್ದು ಅಕ್ಷರವೊಂದೇ. ನಿರ್ಮಾಪಕರಲ್ಲಿ ನನ್ನ ಬೇಡಿಕೆ ಇಷ್ಟು: ಶೀರ್ಷಿಕೆಯನ್ನು ಕನ್ನಡ ಬರೆಯಬಲ್ಲ ಕಲಾವಿದರ ಕೈಗೆ ಮೊದಲು ಕೊಡಿ, ಕಿಡಿ ಹಾರಿಸುವ ಕೆಲಸ ಆಮೇಲಿರಲಿ. ಅಂಥ ಕೈಗಳನ್ನು ನಮ್ಮೂರಿನ ಕಾವಾ ಕಲಾಶಾಲೆಯಲ್ಲೇ ಹುಡುಕಬಹುದು.